ಯಾವ ತಾರೀಖಿನ ಲೆಕ್ಕ?

ಪುಟ್ಟಿ,

ಯೂನಿವರ್ಸಿಟಿ ಟೀಮಿಗೆ ನಿನ್ನನ್ನು ಬಿಟ್ಟು ನಿನ್ನ ರೂಮ್‌ಮೇಟನ್ನು ತಗೊಂಡರು ಅಂತ ನಿನ್ನಮ್ಮ ಹೇಳಿದಳು. ಆಮೇಲೆ ನೀನೇ ಫೋನ್ ಮಾಡಿ ಕೇಳಿದೆ: “ತಾತ, ಅವಳಿಗಿಂತ ನಾನು ಯಾವುದರಲ್ಲಿ ಕಮ್ಮಿ?” ನಾನು ನಿಮ್ಮ ಟ್ರಯಲ್ಸ್ ನೋಡಿಲ್ಲ, ಆ ಹುಡುಗಿಯ ಆಟವನ್ನೂ ನೋಡಿಲ್ಲ. ನಿನ್ನ ಸಮಾಧಾನಕ್ಕೆ ಅಂತ ನೀನೇ ಮೇಲು ಅಂದುಬಿಟ್ಟರೆ ಅದು ನಿನಗೂ ಅವಳಿಗೂ ಮಾಡುವ ಅನ್ಯಾಯ. ಆದರೆ ಇಬ್ಬರು ಆಟಗಾರರನ್ನು ಅಕ್ಕಪಕ್ಕ ನಿಲ್ಲಿಸಿ ಯಾರು ಮೇಲು ಅಂತ ಅಳೆಯುವ ಅಭ್ಯಾಸ ಇದೆಯಲ್ಲ, ಅದರ ಬಗ್ಗೆ ನಿನಗೆ ಹೇಳಬೇಕಾದದ್ದು ಬೇಕಾದಷ್ಟಿದೆ. ಫೋನಿನಲ್ಲಿ ಮುಗಿಯುವ ಮಾತಲ್ಲ ಅಂತ ಬರೆಯುತ್ತಿದ್ದೇನೆ. ಸಾವಕಾಶವಾಗಿ ಓದು.

ನಿನ್ನ ಹಾಗೆ ಪಾಯಿಂಟ್ ಗಾರ್ಡ್ ಆಗಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೆಸರು ಮಾಡಿದ ಇಬ್ಬರನ್ನು ತಗೋ. ಒಬ್ಬ ಡ್ಯೂಕ್ ವಿಶ್ವವಿದ್ಯಾಲಯದ ಬಾಬಿ ಹರ್ಲಿ. ಇನ್ನೊಬ್ಬ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೇಸನ್ ಕಿಡ್. 1993ರ ಮಾರ್ಚ್ 20ರಂದು ಶಿಕಾಗೊ ಪಕ್ಕದ ರೋಸ್‌ಮಾಂಟ್‌ನಲ್ಲಿ ರಾಷ್ಟ್ರೀಯ ಟೂರ್ನಿಯ ಎರಡನೇ ಸುತ್ತಿನಲ್ಲಿ ಇವರಿಬ್ಬರೂ ಎದುರುಬದುರಾದರು. ಹರ್ಲಿಗೆ ಆಗ 21. ಕಿಡ್‌ಗೆ 20 ತುಂಬಲು ಇನ್ನೂ ಮೂರು ದಿನ ಬಾಕಿ. ಒಬ್ಬನದು ಕಾಲೇಜಿನ ಕೊನೆಯ ವರ್ಷ, ಇನ್ನೊಬ್ಬನದು ಮೊದಲನೆಯದು.

ಅವರ ಕತೆಗೆ ಹೋಗುವ ಮುಂಚೆ ನೀನು ಆಡುವ ಜಾಗದ ಬಗ್ಗೆ ಒಂದು ಮಾತು. ಪಾಯಿಂಟ್ ಗಾರ್ಡ್ ಅಂದರೆ ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವನು. ಯಾರ ಎಲೆ ಖಾಲಿಯಾಗುತ್ತಿದೆ, ಯಾರು ಕೇಳಲು ಸಂಕೋಚಪಟ್ಟು ಕೂತಿದ್ದಾರೆ, ಯಾರಿಗೆ ಸಾಕಾಗಿದೆ ಅನ್ನುವುದೆಲ್ಲ ಅವರು ಬಾಯಿಬಿಡುವ ಮುಂಚೆಯೇ ಅವನಿಗೆ ಕಂಡಿರಬೇಕು. ಊಟ ಮಾಡಿದವರು ಅಡುಗೆಯನ್ನು ಹೊಗಳುತ್ತಾರೆ, ಬಡಿಸಿದವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಅಸಿಸ್ಟ್ ಲೆಕ್ಕವನ್ನೇ ನೋಡು. ನೀನು ಎಷ್ಟೇ ಚೆಂದದ ಪಾಸ್ ಕೊಟ್ಟರೂ ತಗೊಂಡವಳು ಚೆಂಡನ್ನು ಬುಟ್ಟಿಗೆ ಹಾಕಿದರೆ ಮಾತ್ರ ಅದು ನಿನ್ನ ಖಾತೆಗೆ ಬರುತ್ತದೆ. ಅರ್ಧ ನಿನ್ನದು, ಅರ್ಧ ಅವಳದು. ಹೀಗೆ ಇನ್ನೊಬ್ಬರ ಕೈಯಲ್ಲಿ ಪೂರ್ತಿಯಾಗುವ ಕೆಲಸ ಮಾಡುವ ಇಬ್ಬರನ್ನು ಅವರವರ ತಂಡದಿಂದ ಬಿಡಿಸಿ ಹೋಲಿಸುವುದೇ ಕಷ್ಟ. ಆದರೂ ಜನ ಹೋಲಿಸುತ್ತಾರೆ. ನೀನೂ ಹೋಲಿಸುತ್ತಿದ್ದೀಯ.

ಹರ್ಲಿ ಬೆಳೆದದ್ದು ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ. ಅಪ್ಪನ ಹೆಸರೂ ಬಾಬ್ ಹರ್ಲಿಯೇ. ಪ್ರೊಬೇಷನ್ ಅಧಿಕಾರಿಯ ನೌಕರಿ, ಅಂದರೆ ಕಾನೂನಿನ ಕೈಗೆ ಸಿಕ್ಕಿದವರ ಮೇಲೆ ನಿಗಾ ಇಡುವ ಕೆಲಸ. ಅದರ ಜೊತೆಗೆ ಸೇಂಟ್ ಆಂಥನಿ ಅನ್ನುವ ಸಣ್ಣ ಹೈಸ್ಕೂಲಿನ ತಂಡಕ್ಕೆ ಕೋಚ್. ಆ ಶಾಲೆಗೆ ಸ್ವಂತ ಜಿಮ್ ಇರಲಿಲ್ಲ. ಬಿಂಗೊ ಆಡಿಸುತ್ತಿದ್ದ ವೈಟ್ ಈಗಲ್ ಹಾಲ್ ಎಂಬ ಹಳೆಯ ಸಭಾಂಗಣದಲ್ಲಿ ಹುಡುಗರು ಅಭ್ಯಾಸ ಮಾಡುತ್ತಿದ್ದರು. 1989ರಲ್ಲಿ ಆ ತಂಡ ಆಡಿದ 32 ಪಂದ್ಯಗಳನ್ನೂ ಗೆದ್ದಿತು. ಅದರ ಪಾಯಿಂಟ್ ಗಾರ್ಡ್ ಕೋಚ್‌ನ ಮಗ, ಸಣಕಲು ಮೈಯ, ಆರಡಿ ಎತ್ತರದ ಹುಡುಗ. ಅಪ್ಪ 2010ರಲ್ಲಿ ಬ್ಯಾಸ್ಕೆಟ್‌ಬಾಲ್ ದಿಗ್ಗಜರ ನೈಸ್ಮಿತ್ ಹಾಲ್ ಆಫ್ ಫೇಮ್ ಸೇರಿದರು. ಬರೀ ಹೈಸ್ಕೂಲ್ ಕೋಚ್ ಆಗಿದ್ದುಕೊಂಡು ಅಲ್ಲಿಗೆ ತಲುಪಿದವರು ಬೆರಳೆಣಿಕೆಯಷ್ಟು ಮಂದಿ.

ಡ್ಯೂಕ್‌ಗೆ ಹೋದ ಮೊದಲ ವರ್ಷವೇ ಹರ್ಲಿ ತಂಡದ ಚುಕ್ಕಾಣಿ ಹಿಡಿದ. ಆ ವರ್ಷ, 1990ರಲ್ಲಿ, ಡ್ಯೂಕ್ ಫೈನಲ್ ತಲುಪಿತು. ಎದುರಿಗೆ ನೆವಾಡದ ಲಾಸ್ ವೇಗಸ್ ತಂಡ. ಹರ್ಲಿಗೆ ಹೊಟ್ಟೆ ಕೆಟ್ಟಿತ್ತು. ಡ್ಯೂಕ್ 73-103ರಲ್ಲಿ ಸೋತಿತು, ಅಂದರೆ 30 ಪಾಯಿಂಟ್ ಅಂತರ. ಇಡೀ ದೇಶ ಟೀವಿಯಲ್ಲಿ ನೋಡುತ್ತಿರುವಾಗ ಹದಿನೆಂಟರ ಹುಡುಗ ಹಾಗೆ ಸೋತ.

ಆಮೇಲೆ ನಡೆದದ್ದನ್ನು ನೀನು ಗಮನವಿಟ್ಟು ಓದಬೇಕು. ಆ ತಂಡದ ಕೋಚ್ ಮೈಕ್ ಶಶೆಫ್‌ಸ್ಕಿ, ಎಲ್ಲರೂ ಕೋಚ್ ಕೆ ಅನ್ನುತ್ತಿದ್ದರು. ಅವರ ಬಳಗ ಹರ್ಲಿಗಾಗಿ ಒಂದು ವಿಡಿಯೊ ಟೇಪ್ ಸಿದ್ಧ ಮಾಡಿತು. ಅದರಲ್ಲಿ ಇದ್ದದ್ದು ಅವನ ಮುಖ. ರೆಫರಿ ಫೌಲ್ ಕೊಟ್ಟಾಗ ಸಿಂಡರಿಸಿದ ಮುಖ, ಪಾಸ್ ತಪ್ಪಿದಾಗ ಕೈಚೆಲ್ಲಿ ನಿಂತ ರೀತಿ, ಜೊತೆಯವನ ಕಡೆ ತಿರುಗಿದ ಸಿಟ್ಟಿನ ಕಣ್ಣು. ನಿನ್ನ ಮುಖ ನೋಡಿಕೊಂಡೇ ಉಳಿದ ನಾಲ್ವರು ಆಡುತ್ತಿದ್ದಾರೆ ಅನ್ನುವುದು ಅದರ ತಾತ್ಪರ್ಯ. ಅವನು ನೋಡಿದ, ತಿದ್ದಿಕೊಂಡ. ಪುಟ್ಟಿ, ನಿನ್ನ ಆಟದ ವಿಡಿಯೊಗಳನ್ನು ನೀನು ನನಗೆ ಕಳಿಸುತ್ತೀಯ. ಅವುಗಳಲ್ಲಿ ನಿನ್ನ ಕ್ರಾಸ್‌ಓವರ್ ಇದೆ, ಎಡಗೈ ಲೇಅಪ್ ಇದೆ. ಸೆಂಟರ್ ಆಡುವ ಹುಡುಗಿ ನಿನ್ನ ಪಾಸನ್ನು ಕೈಬಿಟ್ಟಾಗ ನಿನ್ನ ಮುಖ ಹೇಗಿತ್ತು ಅನ್ನುವ ತುಣುಕು ಒಂದೂ ಇಲ್ಲ. ಮುಂದಿನ ಸಲ ಅದನ್ನೂ ಕಳಿಸು.

ಮಾರನೇ ವರ್ಷ ಅದೇ ಲಾಸ್ ವೇಗಸ್ ತಂಡ ಸೆಮಿಫೈನಲ್‌ನಲ್ಲಿ ಎದುರಾಯಿತು. ಆ ಸಲ ಅವರು ಆಡಿದ 34ನ್ನೂ ಗೆದ್ದು ಬಂದಿದ್ದರು. ಇನ್ನು ಎರಡು ನಿಮಿಷ ಚಿಲ್ಲರೆ ಉಳಿದಿರುವಾಗ ಡ್ಯೂಕ್ ಐದು ಪಾಯಿಂಟ್ ಹಿಂದೆ. ಹರ್ಲಿ ಅನುಮಾನಿಸಲಿಲ್ಲ. ಗೆರೆಯ ಆಚೆಯಿಂದಲೇ ಎಸೆದ ಮೂರು ಪಾಯಿಂಟ್ ಬುಟ್ಟಿಗೆ ಬಿತ್ತು. ಆ ಹೊಡೆತದಿಂದ ಪಂದ್ಯ ತಿರುಗಿತು, ಡ್ಯೂಕ್ 79-77ರಲ್ಲಿ ಗೆದ್ದಿತು. ಎರಡು ದಿನ ಬಿಟ್ಟು ಕ್ಯಾನ್ಸಸ್‌ನ್ನು ಸೋಲಿಸಿ ಚಾಂಪಿಯನ್ ಆಯಿತು. 1992ರಲ್ಲಿ ಮತ್ತೆ ಚಾಂಪಿಯನ್. ಅಂತಿಮ ಸುತ್ತಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಹರ್ಲಿಗೆ. ನಾಲ್ಕು ವರ್ಷದಲ್ಲಿ ಅವನು ಕೊಟ್ಟ ಅಸಿಸ್ಟ್ 1,076. ಅಮೆರಿಕದ ಕಾಲೇಜು ಆಟದಲ್ಲಿ ಆ ದಾಖಲೆ ಮೂವತ್ತು ವರ್ಷಕ್ಕೂ ಮೀರಿ ನಿಂತಿತ್ತು.

ಕಿಡ್‌ನದು ಬೇರೆ ದಾರಿ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನ ಹುಡುಗ. ಪಕ್ಕದ ಅಲಮೀಡದ ಸೇಂಟ್ ಜೋಸೆಫ್ ಶಾಲೆಗೆ ಎರಡು ಸಲ ರಾಜ್ಯ ಪ್ರಶಸ್ತಿ ತಂದುಕೊಟ್ಟವನು. ದೇಶದ ದೊಡ್ಡ ದೊಡ್ಡ ಕಾಲೇಜುಗಳು ಅವನಿಗಾಗಿ ಬಾಗಿಲು ತೆರೆದು ಕಾದಿದ್ದವು. ಅವನು ಮನೆ ಹತ್ತಿರದ ಬರ್ಕ್ಲಿಯನ್ನೇ ಆರಿಸಿಕೊಂಡ. ಹಿಂದಿನ ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾಗಿದ್ದ ತಂಡ ಅದು. ಅವನು ಸೇರಿದ ವರ್ಷವೇ, ಫೆಬ್ರುವರಿಯಲ್ಲಿ, ನಡುಋತುವಿನಲ್ಲಿ ಕೋಚ್‌ನ್ನು ತೆಗೆದು 29 ವರ್ಷದ ಟಾಡ್ ಬೋಜ್‌ಮನ್ ಎಂಬ ಸಹಾಯಕನಿಗೆ ಹೊಣೆ ವಹಿಸಿದರು. ಗದ್ದಲವೋ ಗದ್ದಲ. ಅದರ ನಡುವೆ ಈ ಹುಡುಗ ಟೂರ್ನಿಯ ಮೊದಲ ಸುತ್ತಿನಲ್ಲಿ ಲೂಸಿಯಾನದ ತಂಡದ ಮೇಲೆ ಕೊನೆಯ ಕ್ಷಣಗಳಲ್ಲಿ ಮೈಯನ್ನು ತಿರುಚಿ ಎಸೆದು ತಂಡವನ್ನು ಗೆಲ್ಲಿಸಿದ. ಎರಡನೇ ಸುತ್ತಿಗೆ ಎದುರಾದದ್ದು ಎರಡು ವರ್ಷ ಸತತ ಚಾಂಪಿಯನ್ ಆಗಿದ್ದ ಡ್ಯೂಕ್.

ಆ ಪಂದ್ಯದಲ್ಲಿ ಬರ್ಕ್ಲಿಯ ಹುಡುಗರು ದೊಡ್ಡ ಅಂತರದಲ್ಲಿ ಮುಂದೆ ಓಡಿದರು. ದ್ವಿತೀಯಾರ್ಧದಲ್ಲಿ ಹರ್ಲಿ ಅಟ್ಟಿಸಿಕೊಂಡು ಬಂದ. ದೂರದಿಂದ ಎಸೆದ, ಒಳಗೆ ನುಗ್ಗಿದ, ಎದ್ದ, ಬಿದ್ದ. ಅಂತರ ಕರಗಿ ಕರಗಿ ಕೊನೆಯ ನಿಮಿಷಗಳಲ್ಲಿ ಡ್ಯೂಕ್ ಒಂದು ಪಾಯಿಂಟ್ ಮುಂದೆಯೇ ಹೋಯಿತು. ಆಗ ಬುಟ್ಟಿಯ ಕೆಳಗಿನ ನೂಕುನುಗ್ಗಲಿನಲ್ಲಿ ಚೆಂಡು ಯಾರ ಕೈಗೂ ಸಿಗದೆ ಪುಟಿಯಿತು. ಎಲ್ಲರಿಗಿಂತ ಮೊದಲು ಅದನ್ನು ಕಂಡವನು ಕಿಡ್. ಹಿಡಿದು ಬುಟ್ಟಿಗೆ ಹಾಕಿದ, ಫೌಲೂ ಸಿಕ್ಕಿತು, ಮೂರು ಪಾಯಿಂಟ್. ಡ್ಯೂಕ್ ಮತ್ತೆ ಏಳಲಿಲ್ಲ. 82-77.

ಈಗ ಇಬ್ಬರ ಅಂಕಿ ನೋಡು. ಹರ್ಲಿ 32 ಪಾಯಿಂಟ್, 9 ಅಸಿಸ್ಟ್. ಕಿಡ್ 11 ಪಾಯಿಂಟ್, 14 ಅಸಿಸ್ಟ್, 8 ರಿಬೌಂಡ್. ಪಾಯಿಂಟ್ ಲೆಕ್ಕ ಹಿಡಿದರೆ ಹರ್ಲಿಯದು ಕಿಡ್‌ನದರ ಹತ್ತಿರ ಹತ್ತಿರ ಮೂರು ಪಟ್ಟು. ಗೆದ್ದವನು ಕಿಡ್. ಸೋತವನು ತನ್ನ ಕಾಲೇಜು ಬದುಕಿನ ಅತ್ಯುತ್ತಮ ಆಟಗಳಲ್ಲೊಂದನ್ನು ಆಡಿ ಸೋತ. ಅವತ್ತು ರಾತ್ರಿ ಹರ್ಲಿಯನ್ನು ಯಾವುದರಲ್ಲಿ ಕಮ್ಮಿಯಾದೆ ಅಂತ ಕೇಳಿದ್ದರೆ ಏನು ಹೇಳಿಯಾನು? ನನ್ನನ್ನು ಕೇಳಿದರೆ, ಯಾವುದರಲ್ಲೂ ಕಮ್ಮಿಯಾಗಿರಲಿಲ್ಲ. ಕಮ್ಮಿಯಾಗದೆಯೂ ಸೋಲುವುದುಂಟು. ಇದನ್ನು ಒಪ್ಪಿಕೊಳ್ಳುವುದು ನಿನ್ನ ವಯಸ್ಸಿಗೆ ಕಷ್ಟ, ನನಗೆ ಗೊತ್ತು. ತಪ್ಪು ಎಲ್ಲಿದೆ ಅಂತ ಸಿಕ್ಕಿದರೆ ಸರಿಮಾಡಿಕೊಳ್ಳಬಹುದಲ್ಲ ಅನ್ನುವ ಆಸೆ ಇರುತ್ತದೆ. ತಪ್ಪು ಇದ್ದಾಗ ಹುಡುಕು, ಖಂಡಿತ ಹುಡುಕು. ಇಲ್ಲದ್ದನ್ನು ಹುಡುಕಿ ಹುಡುಕಿ ನಿನ್ನ ಆಟವನ್ನೇ ಕೆಡಿಸಿಕೊಳ್ಳಬೇಡ.

ಹೋಲಿಸುವವರು ಮರೆಯುವುದು ಒಂದು: ಅವರ ಹೋಲಿಕೆಗೆ ಒಂದು ತಾರೀಖು ಇರುತ್ತದೆ. 1992ರ ಏಪ್ರಿಲ್‌ನಲ್ಲಿ ಹರ್ಲಿ ಮೇಲೋ ಕಿಡ್ ಮೇಲೋ ಅಂತ ಕೇಳಿದ್ದರೆ ಅದು ಪ್ರಶ್ನೆಯೇ ಅಲ್ಲ. ಒಬ್ಬ ದೇಶದ ಚಾಂಪಿಯನ್, ಇನ್ನೊಬ್ಬ ಹೈಸ್ಕೂಲ್ ಹುಡುಗ. 1993ರ ಮಾರ್ಚ್ 20ರ ರಾತ್ರಿ ಕೇಳಿದ್ದರೆ ಕಿಡ್ ಅನ್ನುತ್ತಿದ್ದರು. ಬರೀ ಕಾಲೇಜಿನ ದಿನಗಳನ್ನು ಇಟ್ಟು ನೋಡಿದರೆ ಮತ್ತೆ ಹರ್ಲಿ, ಅದರಲ್ಲಿ ಎರಡು ಮಾತಿಲ್ಲ. ರಾಷ್ಟ್ರೀಯ ಟೂರ್ನಿಯಲ್ಲಿ ಅವನು ಆಡಿದ 20 ಪಂದ್ಯಗಳಲ್ಲಿ ಡ್ಯೂಕ್ ಗೆದ್ದದ್ದು 18. ಕಿಡ್ ಆಡಿದ್ದು ಎರಡೇ ವರ್ಷ, ಆ ಟೂರ್ನಿಯಲ್ಲಿ ಗೆದ್ದದ್ದು ಎರಡೇ ಪಂದ್ಯ. ಎರಡನೇ ವರ್ಷ ಅಸಿಸ್ಟ್‌ನಲ್ಲಿ ಇಡೀ ದೇಶಕ್ಕೆ ಮೊದಲಿಗನಾಗಿದ್ದವನ ತಂಡ ಗ್ರೀನ್ ಬೇ ಎಂಬ ಸಣ್ಣ ಕಾಲೇಜಿನ ಎದುರು ಮೊದಲ ಸುತ್ತಿನಲ್ಲೇ ಮನೆಗೆ ಹೋಯಿತು. ವೃತ್ತಿಪರ ಆಟವನ್ನು ಇಟ್ಟು ನೋಡಿದರೆ ಕಿಡ್ ಎಲ್ಲಿ, ಹರ್ಲಿ ಎಲ್ಲಿ. ಆದರೆ ಆ ಕೊನೆಯ ಹೋಲಿಕೆ ನನಗೆ ಯಾವತ್ತೂ ಸರಿಕಂಡಿಲ್ಲ. ಯಾಕೆ ಅಂತ ಹೇಳುತ್ತೇನೆ.

ವೃತ್ತಿಪರ ಲೀಗಿನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1993ರಲ್ಲಿ, ಸ್ಯಾಕ್ರಮೆಂಟೊ ಕಿಂಗ್ಸ್ ತಂಡ ಹರ್ಲಿಯನ್ನು ಏಳನೆಯವನಾಗಿ ಆರಿಸಿಕೊಂಡಿತು. ಆಡಿದ್ದು 19 ಪಂದ್ಯ. ಡಿಸೆಂಬರ್ 12ರ ರಾತ್ರಿ ತವರಿನಲ್ಲಿ ಪಂದ್ಯ ಮುಗಿಸಿ ಕಾರಿನಲ್ಲಿ ಮನೆಗೆ ಹೊರಟಿದ್ದ. ಹೆಡ್‌ಲೈಟ್ ಹಾಕದೆ ಬರುತ್ತಿದ್ದ ಇನ್ನೊಂದು ಕಾರು ಅಡ್ಡಲಾಗಿ ಬಂದು ಗುದ್ದಿತು. ಹರ್ಲಿ ಸೀಟ್ ಬೆಲ್ಟ್ ಹಾಕಿರಲಿಲ್ಲ. ಕಾರಿನಿಂದ ಎಸೆಯಲ್ಪಟ್ಟು ರಸ್ತೆ ಪಕ್ಕದ ನೀರಿನ ಕಾಲುವೆಗೆ ಬಿದ್ದ. ಶ್ವಾಸನಾಳ ಶ್ವಾಸಕೋಶದಿಂದ ಹರಿದುಹೋಗಿತ್ತು. ಪಕ್ಕೆಲುಬು ಮುರಿದಿತ್ತು, ಭುಜದ ಮೂಳೆ ಒಡೆದಿತ್ತು, ಮೊಣಕಾಲಿನ ಅಸ್ಥಿರಜ್ಜು ಹರಿದಿತ್ತು. ಅದೇ ದಾರಿಯಲ್ಲಿ ಬಂದ ತಂಡದ ಗೆಳೆಯ ಮೈಕ್ ಪೆಪ್ಲೋಸ್ಕಿ ಕಾಲುವೆಯ ಹತ್ತಿರ ಅವನನ್ನು ಕಂಡ. ಗಂಟೆಗಟ್ಟಲೆ ಶಸ್ತ್ರಚಿಕಿತ್ಸೆ ನಡೆದು ಜೀವ ಉಳಿಯಿತು.

ಇಲ್ಲಿ ನಿಂತು ಒಂದು ಮಾತು ಹೇಳಲೇಬೇಕು. ಹಾಸ್ಟೆಲಿನಿಂದ ಟೂರ್ನಮೆಂಟಿಗೆ ಹೋಗುವಾಗ ಒಂದು ಗಾಡಿಯಲ್ಲಿ ಎಂಟು ಜನ ತುಂಬಿಕೊಂಡು, ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಹೋದ ಫೋಟೊ ಹಾಕಿದ್ದೆ. ಹಾಗೆ ಹೋಗಬೇಡ. ಹಿಂದಿನ ಸೀಟಿನಲ್ಲಿ ಕೂತರೂ ಬೆಲ್ಟ್ ಹಾಕು. ಗಾಡಿ ಸಾಲದಿದ್ದರೆ ಬಸ್ಸಿಗೆ ಹೋಗು, ಬಸ್ಸಿನ ದುಡ್ಡು ನಾನು ಕೊಡುತ್ತೇನೆ.

ಹರ್ಲಿ ಮಾರನೇ ಋತುವಿಗೆ ವಾಪಸ್ ಬಂದ, ಆಡಿದ. ವೈದ್ಯರನ್ನೇ ಬೆರಗುಗೊಳಿಸುವ ಕೆಲಸ ಅದು. ಆದರೆ ಆ ಹಳೆಯ ಓಟ ಮರಳಿ ಬರಲಿಲ್ಲ. ಒಟ್ಟು 269 ಪಂದ್ಯ ಆಡಿ 1998ಕ್ಕೆ ನಿಲ್ಲಿಸಿದ. ಸರಾಸರಿ ನಾಲ್ಕು ಪಾಯಿಂಟ್ ಕೂಡ ಇಲ್ಲ. ಈ ಅಂಕಿಯನ್ನು ತಂದು ಕಿಡ್‌ನ ಪಕ್ಕ ಇಟ್ಟು, ಹರ್ಲಿ ಕಾಲೇಜಿಗೆ ಸರಿ, ದೊಡ್ಡವರ ಆಟಕ್ಕಲ್ಲ ಅಂತ ತೀರ್ಪು ಕೊಡುವವರಿದ್ದಾರೆ. ಬೆಲ್ಟ್ ಹಾಕಿಕೊಳ್ಳದೇ ಇದ್ದದ್ದು ಅವನ ತಪ್ಪೇ. ಆದರೆ ಆ ಕಾರು ಅರ್ಧ ನಿಮಿಷ ತಡವಾಗಿ ಬಂದಿದ್ದರೆ ಅವನು ಏನಾಗುತ್ತಿದ್ದ ಅನ್ನುವುದನ್ನು ಯಾರೂ ಹೇಳಲಾರರು, ನಾನೂ ಹೇಳಲಾರೆ. ಸಾಧಾರಣ ಆಟಗಾರನೇ ಆಗುತ್ತಿದ್ದನೋ ಏನೋ, ಅದೂ ಸಾಧ್ಯ. ಗೊತ್ತಿಲ್ಲದ್ದಕ್ಕೆ ತೀರ್ಪು ಕೊಡಬಾರದು ಅನ್ನುವುದಷ್ಟೇ ನನ್ನ ಹಟ.

ಕಿಡ್ ಈ ಕಡೆ ಬೆಳೆಯುತ್ತಾ ಹೋದ. 1994ರಲ್ಲಿ ಡಲ್ಲಾಸ್ ತಂಡ ಅವನನ್ನು ಎರಡನೆಯವನಾಗಿ ಆರಿಸಿಕೊಂಡಿತು. 1995ರ ಶ್ರೇಷ್ಠ ಹೊಸಬ ಪ್ರಶಸ್ತಿಯನ್ನು ಅವನೂ ಗ್ರಾಂಟ್ ಹಿಲ್ ಎಂಬವನೂ ಹಂಚಿಕೊಂಡರು. ಆ ಹಿಲ್ ಯಾರು ಗೊತ್ತೆ? ರೋಸ್‌ಮಾಂಟ್‌ನಲ್ಲಿ ಹರ್ಲಿಯ ಜೊತೆ ಡ್ಯೂಕ್‌ಗೆ ಆಡಿ ಕಿಡ್‌ನ ಕೈಲಿ ಸೋತವನು.

ಕಿಡ್‌ನಲ್ಲಿ ದೊಡ್ಡ ಕೊರತೆ ಒಂದಿತ್ತು. ದೂರದಿಂದ ಎಸೆಯಲು ಬರುತ್ತಿರಲಿಲ್ಲ. ಜಂಪ್ ಶಾಟಿನ ‘ಜೆ’ ಇವನಿಗಿಲ್ಲ, ಆದ್ದರಿಂದ ಜೇಸನ್ ಅಲ್ಲ ‘ಏಸನ್’ ಅಂತ ಜನ ಗೇಲಿ ಮಾಡುತ್ತಿದ್ದರು. ಎದುರಾಳಿ ಗಾರ್ಡ್‌ಗಳು ಎಸೆದರೆ ಎಸೆಯಲಿ ಅಂತ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ಅವನು ಮೊದಲು ಮಾಡಿದ ಕೆಲಸ, ತನಗೆ ಬರುವ ವಿದ್ಯೆಯಲ್ಲಿ ಯಾರೂ ಮುಟ್ಟಲಾಗದ ಮಟ್ಟಕ್ಕೆ ಏರಿದ್ದು. ಆರಡಿ ನಾಲ್ಕಂಗುಲದ ಗಾರ್ಡ್ ತಾನೇ ರಿಬೌಂಡ್ ಹಿಡಿಯುತ್ತಿದ್ದ, ಹಿಡಿದ ಚೆಂಡನ್ನು ಯಾರಿಗೂ ಕೊಡಲು ಕಾಯದೆ ತಾನೇ ಓಡಿಸಿಕೊಂಡು ಹೋಗಿ ಫಾಸ್ಟ್ ಬ್ರೇಕ್ ಕಟ್ಟುತ್ತಿದ್ದ. 2001ರಲ್ಲಿ ಅವನು ನ್ಯೂಜೆರ್ಸಿ ನೆಟ್ಸ್‌ಗೆ ಬಂದ. ಹಿಂದಿನ ಋತುವಿನಲ್ಲಿ 82ರಲ್ಲಿ 26 ಗೆದ್ದಿದ್ದ ತಂಡ ಆ ಋತುವಿನಲ್ಲಿ 52 ಗೆದ್ದು ಫೈನಲ್ ಮುಟ್ಟಿತು. ಅವನ ಸ್ವಂತ ಸರಾಸರಿಯಲ್ಲಿ ನಿನ್ನನ್ನು ದಂಗುಬಡಿಸುವಂಥದ್ದು ಏನೂ ಇಲ್ಲ. ಜೊತೆಗೆ ಆಡಿದವರ ಆಟ ಎಷ್ಟು ಏರಿತು ಅನ್ನುವುದರಲ್ಲಿ ಅವನ ಆಟ ಕಾಣಿಸುತ್ತದೆ. ನೀನು ಕೋರ್ಟಿಗಿಳಿದಾಗ ಟೀಮು ಹೇಗೆ ಆಡುತ್ತದೆ, ನೀನು ಬೆಂಚಿನಲ್ಲಿದ್ದಾಗ ಹೇಗೆ ಆಡುತ್ತದೆ, ಇದನ್ನು ಯಾವಾಗಲಾದರೂ ಬರೆದಿಟ್ಟಿದ್ದೀಯಾ? ನಿನ್ನ ಪಾಯಿಂಟುಗಳನ್ನು ಮಾತ್ರ ಬರೆದಿಟ್ಟಿರುತ್ತೀಯ, ನನಗೆ ಗೊತ್ತು.

ಶಾಟ್ ಕತೆ ಏನಾಯಿತು? ಕಾಲಿನ ಓಟ ಕಮ್ಮಿಯಾಗುವ ವಯಸ್ಸಿಗೆ ಅವನು ಎಸೆಯುವುದನ್ನು ಕಲಿತ. 2013ರಲ್ಲಿ ನಿವೃತ್ತನಾಗುವಾಗ ಅವನು ಹಾಕಿದ ಮೂರು ಪಾಯಿಂಟ್ ಬುಟ್ಟಿಗಳು 1,988. ಆ ಹೊತ್ತಿಗೆ ವೃತ್ತಿಪರ ಲೀಗಿನ ಇತಿಹಾಸದಲ್ಲಿ ಅವನಿಗಿಂತ ಹೆಚ್ಚು ಹಾಕಿದ್ದವರು ಇಬ್ಬರೇ. ‘ಏಸನ್’ ಅನ್ನಿಸಿಕೊಂಡವನು! 2011ರಲ್ಲಿ, 38ನೇ ವಯಸ್ಸಿನಲ್ಲಿ, ತನ್ನ ಮೊದಲ ತಂಡ ಡಲ್ಲಾಸ್‌ಗೇ ಮರಳಿ ಬಂದು ಚಾಂಪಿಯನ್ ಆದ. ಅಸಿಸ್ಟ್‌ಗಳು 12,091, ಆಗ ಜಾನ್ ಸ್ಟಾಕ್ಟನ್ ಒಬ್ಬನೇ ಅವನ ಮುಂದಿದ್ದ. ಸಿಡ್ನಿ ಮತ್ತು ಬೀಜಿಂಗ್ ಒಲಿಂಪಿಕ್ಸ್‌ಗಳಲ್ಲಿ ಚಿನ್ನ.

ನಿನ್ನ ಎದುರಾಳಿಗಳೂ ನೀನು ಎಸೆಯುವುದಿಲ್ಲ ಅಂತ ಎರಡು ಹೆಜ್ಜೆ ಬಿಟ್ಟು ನಿಲ್ಲುತ್ತಾರಲ್ಲವೆ? ವಿಡಿಯೊದಲ್ಲಿ ಕಂಡಿದ್ದೇನೆ. ಅದು ಅವಮಾನವಲ್ಲ, ಮಾಹಿತಿ. ಬೆಳಗಿನ ಹೊತ್ತು, ಕೋರ್ಟು ಖಾಲಿ ಇರುವಾಗ, ಹತ್ತಿರದಿಂದ ಶುರುಮಾಡು. ಮೊಣಕೈ ಒಳಗಿರಲಿ, ಮಂಡಿ ಬಾಗಲಿ. ಹತ್ತಿರದಿಂದ ಬೀಳುವುದು ಅಭ್ಯಾಸವಾದ ಮೇಲೆ ಮಾತ್ರ ಒಂದು ಹೆಜ್ಜೆ ಹಿಂದಕ್ಕೆ ಹೋಗು. ನಿಮ್ಮ ವಯಸ್ಸಿನವರೆಲ್ಲ ಮೊದಲ ದಿನವೇ ಗೆರೆಯ ಆಚೆಯಿಂದ ಶುರುಮಾಡುತ್ತಾರೆ. ತೋಳಿನಲ್ಲಿ ಬಲ ಸಾಲದೆ ಚೆಂಡನ್ನು ಎದೆಯಿಂದ ನೂಕುವ ಚಾಳಿ ಬೀಳುತ್ತದೆ, ಆ ಚಾಳಿ ಬಿಡಿಸುವುದಕ್ಕೆ ವರ್ಷಗಳೇ ಬೇಕು.

ಕಿಡ್‌ನ ಬಗ್ಗೆ ಇಷ್ಟೇ ಹೇಳಿ ನಿಲ್ಲಿಸಿದರೆ ಅದು ಪೂರ್ತಿ ನಿಜವಾಗುವುದಿಲ್ಲ. 2001ರಲ್ಲಿ ಹೆಂಡತಿಯ ಮೇಲೆ ಕೈಮಾಡಿದ ಆರೋಪದಲ್ಲಿ ಅವನು ಬಂಧನಕ್ಕೊಳಗಾಗಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. 2012ರಲ್ಲಿ ಕುಡಿದು ಗಾಡಿ ಓಡಿಸಿ ರಸ್ತೆ ಬದಿಯ ಕಂಬಕ್ಕೆ ಗುದ್ದಿದ, ಅದನ್ನೂ ಒಪ್ಪಿಕೊಂಡ. 12,091 ಅಸಿಸ್ಟ್‌ಗಳು ಆ ಏಟನ್ನು ಅಳಿಸುವುದಿಲ್ಲ. ನೀನು ಯಾರ ಪೋಸ್ಟರನ್ನಾದರೂ ಗೋಡೆಗೆ ಹಚ್ಚು, ಆದರೆ ಚೆಂಡನ್ನು ಚೆನ್ನಾಗಿ ಹಂಚುವವನು ಮನೆಯಲ್ಲೂ ಒಳ್ಳೆಯವನೇ ಅಂತ ನಂಬಬೇಡ. ಮುಂದೆ ನಿನ್ನ ಜೀವನದಲ್ಲಿ ಬರುವವನ ವಿಷಯದಲ್ಲೂ ಈ ಮಾತು ನೆನಪಿರಲಿ. ಇನ್ನೊಂದನ್ನೂ ಯೋಚಿಸು. ಇವರಿಬ್ಬರ ಬದುಕಿನಲ್ಲೂ ಒಂದೊಂದು ಕಾರು ಅಪಘಾತವಾಗಿದೆ. ಒಬ್ಬನಿಗೆ ಬೇರೆಯವನ ಕಾರು ಬಂದು ಗುದ್ದಿತು, ಅವನ ಆಟ ಹೋಯಿತು. ಇನ್ನೊಬ್ಬ ತಾನೇ ಹೋಗಿ ಗುದ್ದಿದ, ಅವನು ಅಷ್ಟು ಹೊತ್ತಿಗೆ ಎಲ್ಲವನ್ನೂ ಗೆದ್ದಾಗಿತ್ತು. ಯೋಗ್ಯತೆಗೆ ತಕ್ಕಂತೆ ಫಲ ಸಿಗುತ್ತದೆ ಅಂತ ಹೇಳುವವರನ್ನು ನಾನು ನಂಬದೇ ಇರುವುದು ಇಂಥವನ್ನು ನೋಡಿಯೇ.

ಇಷ್ಟು ಹೊತ್ತು ಹೇಳಿದ ಹೋಲಿಕೆಯಿಂದ ಹರ್ಲಿಗೂ ಕಿಡ್‌ಗೂ ಅಂಥ ನೋವೇನೂ ಆಗಲಿಲ್ಲ. ಹೋಲಿಕೆಯ ಏಟು ಬಿದ್ದದ್ದು ಮೂರನೆಯವನಿಗೆ. ಹರ್ಲಿಗೆ ಡ್ಯಾನ್ ಅಂತ ಒಬ್ಬ ತಮ್ಮ. ಅವನೂ ಗಾರ್ಡ್, ನ್ಯೂಜೆರ್ಸಿಯ ಸೀಟನ್ ಹಾಲ್ ಕಾಲೇಜಿಗೆ ಆಡುತ್ತಿದ್ದ. 1992ರ ಟೂರ್ನಿಯಲ್ಲಿ ಅಣ್ಣತಮ್ಮಂದಿರ ತಂಡಗಳೇ ಎದುರಾದವು. ಅಣ್ಣನ ತಂಡ 81-69ರಲ್ಲಿ ಗೆದ್ದಿತು, ತಮ್ಮ ಒಂದು ಪಾಯಿಂಟೂ ಹಾಕಲಿಲ್ಲ. ಅವನು ಯಾವ ಊರಿಗೆ ಆಡಲು ಹೋದರೂ ಪ್ರೇಕ್ಷಕರು ಅಣ್ಣನ ಹೆಸರು ಹಿಡಿದು ಚುಡಾಯಿಸುತ್ತಿದ್ದರು. 1993ರ ಡಿಸೆಂಬರ್‌ನಲ್ಲಿ, ಅಣ್ಣನ ಅಪಘಾತಕ್ಕೆ ಕೆಲವೇ ದಿನ ಮುಂಚೆ, ಅವನು ಇನ್ನು ತಡೆಯಲಾರದೆ ತಂಡ ಬಿಟ್ಟು ದೂರ ಹೋದ. ಮನಸ್ಸು ಪೂರ್ತಿ ಕುಗ್ಗಿತ್ತು. ಆ ಋತು ಅವನು ಆಡಲಿಲ್ಲ. ಆಮೇಲೆ ಮರಳಿ ಬಂದು ಕಾಲೇಜು ಆಟ ಮುಗಿಸಿ ಅಪ್ಪನ ಹಾಗೆ ಕೋಚ್ ಆದ.

ಇದನ್ನು ನಿನಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ನಿನ್ನ ತಂಗಿಯೂ ಈಗ ಚೆಂಡು ಹಿಡಿದಿದ್ದಾಳೆ. ಮನೆಯಲ್ಲಿ ಆಗಲೇ “ನಿನ್ನಕ್ಕ ಈ ವಯಸ್ಸಿಗೆ ಜಿಲ್ಲಾ ತಂಡದಲ್ಲಿದ್ದಳು” ಅನ್ನುವ ಮಾತು ಶುರುವಾಗಿದೆ. ನಿನ್ನಪ್ಪನಿಗೆ ನಾನು ಬೇರೆಯಾಗಿ ಹೇಳುತ್ತೇನೆ. ನೀನು ರಜಕ್ಕೆ ಬಂದಾಗ ಅವಳ ಆಟ ನೋಡು, ಅವಳ ಜೊತೆ ಆಡು, ನಿನ್ನ ಕತೆ ಹೇಳಬೇಡ. ರೂಮ್‌ಮೇಟ್ ಜೊತೆ ನಿನ್ನನ್ನು ಹೋಲಿಸಿದಾಗ ನಿನಗೆ ಎಲ್ಲಿ ಚುಚ್ಚಿತೋ ಅವಳಿಗೂ ಅಲ್ಲೇ ಚುಚ್ಚುತ್ತದೆ. ನಿನಗೆ ಹತ್ತೊಂಬತ್ತು, ಅವಳಿಗೆ ಹನ್ನೆರಡು.

ಆಟ ನಿಂತ ಮೇಲೆ ಹರ್ಲಿ ಕೆಲಕಾಲ ರೇಸ್ ಕುದುರೆಗಳ ವ್ಯವಹಾರಕ್ಕೆ ಇಳಿದ. ಅದರಲ್ಲೂ ಕೈಸುಟ್ಟಿತು. 2010ರಲ್ಲಿ ತಮ್ಮ ಡ್ಯಾನ್ ನ್ಯೂಯಾರ್ಕಿನ ವ್ಯಾಗ್ನರ್ ಕಾಲೇಜಿಗೆ ಮುಖ್ಯ ಕೋಚ್ ಆದಾಗ ಅಣ್ಣ ಅವನ ಕೈಕೆಳಗೆ ಸಹಾಯಕನಾಗಿ ಸೇರಿಕೊಂಡ. ಇದು ಎಂಥ ಮಾತು ಯೋಚಿಸು. ಎರಡು ಸಲ ದೇಶದ ಚಾಂಪಿಯನ್ ಆದವನು, ತನ್ನ ಹೆಸರಿನಿಂದಲೇ ನೊಂದುಹೋಗಿದ್ದ ತಮ್ಮನ ಪಕ್ಕದ ಕುರ್ಚಿಯಲ್ಲಿ ಕೂತು, ಅವನು ಹೇಳಿದ್ದನ್ನು ಬರೆದುಕೊಂಡ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಅಣ್ಣಂದಿರು ಹಾಗೆ ಕೂತಾರು? ನಾಲ್ಕನೇ ವರ್ಷಕ್ಕೆ ಬಫಲೋ ವಿಶ್ವವಿದ್ಯಾಲಯ ಅವನನ್ನು ತನ್ನ ಕೋಚ್ ಮಾಡಿಕೊಂಡಿತು. 2015ರಲ್ಲಿ ಅವನು ಆ ತಂಡವನ್ನು ಅದರ ಇತಿಹಾಸದಲ್ಲೇ ಮೊದಲ ಸಲ ರಾಷ್ಟ್ರೀಯ ಟೂರ್ನಿಗೆ ಕರೆದೊಯ್ದ, ಅಲ್ಲಿಂದ ಅರಿಜೋನಾ ಸ್ಟೇಟ್‌ಗೆ ಹೋದ. ತಮ್ಮ ಡ್ಯಾನ್ ಕನೆಕ್ಟಿಕಟ್ ತಂಡವನ್ನು 2023ರಲ್ಲೂ 2024ರಲ್ಲೂ ಚಾಂಪಿಯನ್ ಮಾಡಿದ. ಅಣ್ಣ ಆಡಿ ಗಳಿಸಿದ್ದು ಸತತ ಎರಡು, ತಮ್ಮ ಆಡಿಸಿ ಗಳಿಸಿದ್ದು ಸತತ ಎರಡು. 1992ರ ಆ ರಾತ್ರಿ, ತಮ್ಮ ಸೊನ್ನೆ ಹಾಕಿ ಹೊರಬಂದಾಗ, ಇಬ್ಬರನ್ನೂ ಹೋಲಿಸಿ ಮಾತಾಡಿದವರಲ್ಲಿ ಯಾರಿಗಾದರೂ ಇದು ಹೊಳೆದಿತ್ತೆ?

ಹಾಗಾದರೆ ಈಗ ಏನು ಮಾಡಲಿ ಅನ್ನುತ್ತೀಯ. ರೂಮಿನಲ್ಲಿ ಮಾತು ಬಿಟ್ಟು ಮುಖ ತಿರುಗಿಸಿಕೊಂಡಿದ್ದೀಯಂತೆ, ಅದನ್ನು ಇವತ್ತೇ ನಿಲ್ಲಿಸು. ಅವಳನ್ನು ಅಭಿನಂದಿಸು, ಮನಸ್ಸಿನಿಂದ ಬಾರದಿದ್ದರೂ ಮರ್ಯಾದೆಗಾಗಿ ಮಾಡು, ಮನಸ್ಸು ಆಮೇಲೆ ಬರುತ್ತದೆ. ಅವಳು ಯೂನಿವರ್ಸಿಟಿ ಟೂರ್ನಮೆಂಟಿಗೆ ಹೋಗುವವರೆಗೆ ಪ್ರಾಕ್ಟೀಸಿನಲ್ಲಿ ಅವಳನ್ನು ನೀನೇ ಗಾರ್ಡ್ ಮಾಡು, ಬಿಗಿಯಾಗಿ ಮಾಡು. ಅವಳಿಗೆ ಅದರಿಂದ ಒಳ್ಳೆಯ ತಯಾರಿ ಸಿಗುತ್ತದೆ, ನಿನಗೆ ಒಳ್ಳೆಯ ಡಿಫೆನ್ಸ್ ಬರುತ್ತದೆ. ಕೋಚ್ ಹತ್ತಿರ ಹೋಗಿ ಅವಳನ್ನು ಯಾಕೆ ತಗೊಂಡಿರಿ ಅಂತ ಕೇಳಬೇಡ, ನನ್ನ ಆಟದಲ್ಲಿ ಏನು ಬೇಕು ಅಂತ ಕೇಳು. ಅವರು ಹೇಳಿದ್ದನ್ನು ನನಗೂ ಬರೆದು ಕಳಿಸು.

ಆಮೇಲೆ ಆ 1993ರ ಪಂದ್ಯದ ದೃಶ್ಯ ಯೂಟ್ಯೂಬಿನಲ್ಲಿ ಹುಡುಕಿ ಮೂರು ಸಲ ನೋಡು. ರೂಮ್‌ಮೇಟನ್ನೂ ಪಕ್ಕದಲ್ಲಿ ಕೂರಿಸಿಕೋ. ಮೊದಲ ಸಲ ಹರ್ಲಿಯೊಬ್ಬನನ್ನೇ ನೋಡು. ಹಿಂದೆ ಬಿದ್ದಿರುವಾಗ ಅವನ ಮುಖ ಹೇಗಿದೆ, ಟೇಪು ತೋರಿಸಿ ಕಲಿಸಿದ್ದು ಉಳಿದಿದೆಯಾ ಅಂತ ನೋಡು. ಎರಡನೇ ಸಲ ಕಿಡ್. ಚೆಂಡು ಕೈಯಲ್ಲಿ ಇಲ್ಲದಾಗ ಅವನ ಕಣ್ಣು ಎಲ್ಲಿರುತ್ತದೆ ಅನ್ನುವುದನ್ನು ಗಮನಿಸು, ರಿಬೌಂಡ್ ಸಿಕ್ಕ ಮೇಲೆ ಅವನು ಡ್ರಿಬಲ್ ಶುರುಮಾಡುವ ಮುಂಚೆ ಎಷ್ಟು ಸಲ ತಲೆ ಎತ್ತುತ್ತಾನೆ ಎಣಿಸು. ಮೂರನೇ ಸಲ ಇಬ್ಬರನ್ನೂ ಬಿಟ್ಟುಬಿಡು, ಕೋರ್ಟಿನಲ್ಲಿರುವ ಉಳಿದ ಎಂಟು ಜನರನ್ನು ನೋಡು. ಅವರಲ್ಲಿ ಯಾರು ಯಾವ ಮೂಲೆಯಲ್ಲಿ ಖಾಲಿ ನಿಂತಿದ್ದಾರೆ, ಚೆಂಡು ಅವರಿಗೆ ಬಂತೇ ಇಲ್ಲವೇ ಅಂತ ಒಂದು ಹಾಳೆಯಲ್ಲಿ ಗುರುತು ಹಾಕುತ್ತಾ ಹೋಗಿ. ನಿನ್ನ ಹಾಳೆ ಬೇರೆ, ಅವಳ ಹಾಳೆ ಬೇರೆ. ಎರಡನ್ನೂ ಭಾನುವಾರದೊಳಗೆ ಫೋಟೊ ತೆಗೆದು ನನಗೆ ಕಳಿಸು.

ನಿನ್ನ ತಾತ